ಜೀವನ ಕೌಶಲದ ಪೀರಿಯಡ್ಡಲ್ಲಿ ಗಣಿತ ಮಾಡ್ತಾರೆ ಅಂದಿದ್ದಕ್ಕೆ
ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಜೀವನ ಕೌಶಲದ (ನಿರ್ಧಾರ ತೆಗೆದುಕೊಳ್ಳೋದು, ಒತ್ತಡ ನಿಭಾಯಿಸೋದು ಇಂಥವನ್ನು ಕಲಿಸುವ) ಪೀರಿಯಡ್ಡಲ್ಲಿ ಟೀಚರುಗಳು ಗಣಿತ ಮಾಡ್ತಾರೆ, ಕೇಳಿದರೆ ಮುಖ ತಿರುಗಿಸ್ತಾರೆ ಅಂದಿರಲ್ಲ, ಅದು ಬಹುಶಃ ಸೋಮಾರಿತನ ಅಲ್ಲ, ಭಯ. ಪೋರ್ಷನ್ ಮುಗಿಯುವುದಿಲ್ಲ ಅನ್ನೋದು ಒಂದು. ಪುಸ್ತಕವಿಲ್ಲದೆ ಮಕ್ಕಳ ಮುಂದೆ ನಿಲ್ಲೋದು ಇನ್ನೊಂದು. ಎರಡನೆಯದೇ ಜಾಸ್ತಿ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಅವರನ್ನು ಒಪ್ಪಿಸಬೇಕಾದರೆ ಮೊದಲು, ಸ್ಟಾಫ್ ರೂಮಿನಲ್ಲಿ ಭಾಷಣ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 10 ಜೀವನ ಕೌಶಲಗಳ ಪಟ್ಟಿಯನ್ನೂ ಹಂಚಬೇಡಿ. ನಾನು ಹಂಚಿದ್ದೆ, ಮರುದಿನ ಅದರ ಹಿಂಬದಿಯಲ್ಲಿ ಯಾರೋ ಮಾರ್ಕ್ಸ್ ಕೂಡಿಸಿದ್ದರು!

ಪಟ್ಟಿಯಿಂದ ಒಂದೇ ಕೌಶಲ ಆರಿಸಿ, "ನಿರ್ಧಾರ ತೆಗೆದುಕೊಳ್ಳುವುದು" ಅನ್ನೋದರಿಂದ ಶುರು ಮಾಡೋದು ಸುಲಭ. ನೀವೇ ಕ್ಲಾಸ್ ಮಾಡಿ, ಎಲ್ಲರಿಗಿಂತ ಜಾಸ್ತಿ ಗೊಣಗುವ ಟೀಚರನ್ನು ಹಿಂದಿನ ಬೆಂಚಲ್ಲಿ ಕೂರಿಸಿ. ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡೋಣ ಬಾ ಅಂತ ಗೆಳೆಯ ಕರೆದರೆ ಏನು ಹೇಳ್ತೀಯ ಅಂತ ನಾನು ಇಬ್ಬರು ಹುಡುಗರಿಂದ ಆಡಿಸಿದೆ. ಮೂರನೇ ಸಲ ಕರೆದಾಗ ಒಬ್ಬ, "ಅಮ್ಮ ಬೈತಾಳೆ ಅಂತಲ್ಲ, ನನಗೇ ಭಯ ಕಣೋ" ಅಂದ. ಕ್ಲಾಸೆಲ್ಲ ಗಪ್‌ಚಿಪ್. ನೋಟ್‌ಬುಕ್ ತಿದ್ದುತ್ತಿದ್ದ ಗಣಿತದ ಮೇಡಂ ಪೆನ್ ಕೆಳಗಿಟ್ಟರು.

ಆಮೇಲೆ ಟೀಚರುಗಳ ಹತ್ತಿರ ಅವರವರ ವಿಷಯದೊಳಗೇ ಇಂಥ ಮಾತಿಗೆ 10 ನಿಮಿಷ ಬಿಟ್ಟುಕೊಡಿ ಅಂತ ಕೇಳಿ. ಬಡ್ಡಿ ಲೆಕ್ಕ ಮಾಡಿಸುವಾಗ, ಮೊಬೈಲನ್ನು ಇಎಂಐಗೆ ತಗೊಳ್ಳಬೇಕಾ ಅಂತ ಮಕ್ಕಳನ್ನು ಮಾತಾಡಿಸಿದರೂ ಸಾಕು.

ಕೊನೆಗೆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಪರೀಕ್ಷೆಯ ತಿಂಗಳು ಬಿಟ್ಟು ಈ ಪೀರಿಯಡ್ ಮುಟ್ಟಬಾರದು ಅಂತ ಟೈಮ್‌ಟೇಬಲ್‌ನಲ್ಲೇ ಬರೆಸಿ. ಅದನ್ನು ಗಣಿತಕ್ಕೆ ಕೊಡಿಸುತ್ತಿರುವುದು ಅವರೇ ಆಗಿದ್ದರೆ ಇದು ನಡೆಯುತ್ತೋ ಇಲ್ಲವೋ ಹೇಳಲಾರೆ, ಆಗ 10 ನಿಮಿಷದ ದಾರಿಯನ್ನೇ ಹಿಡಿಯಿರಿ.