ವೆಬ್‌ಸೈಟಿಗೆ ಇಂಟರಾಕ್ಟಿವ್ ಚಾರ್ಟ್ ಸೇರಿಸುವುದು ಹೇಗೆ? ಯಾವ ಲೈಬ್ರರಿ ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಒಂದು ಜಾಗದ ಹತ್ತು ವರ್ಷದ ಮಳೆ ಲೆಕ್ಕ, ತಿಂಗಳವಾರು, ಎಕ್ಸೆಲ್‌ನಲ್ಲಿದೆ. ಅದನ್ನು ನಿಮ್ಮ ವೆಬ್‌ಸೈಟಿನಲ್ಲಿ ಚಾರ್ಟ್ ಆಗಿ ಹಾಕಬೇಕು. ಮುಟ್ಟಿದರೆ ಅಂಕಿ ಕಾಣಬೇಕು, ವರ್ಷ ಬದಲಾಯಿಸಲು ಬರಬೇಕು. ಎಚ್‌ಟಿಎಂಎಲ್ ಚೆನ್ನಾಗಿ ಗೊತ್ತು, ಜಾವಾಸ್ಕ್ರಿಪ್ಟ್ ಅಷ್ಟಕ್ಕಷ್ಟೆ. ಡಿ3 ಎಂಬ ಲೈಬ್ರರಿ (ಚಾರ್ಟ್ ಬಿಡಿಸಲು ಬೇರೆಯವರು ಬರೆದಿಟ್ಟ ಕೋಡ್) ಕಲಿಯಲೇಬೇಕಾ, ಪೈ ಚಾರ್ಟ್ ಚೆನ್ನಾಗಿರುತ್ತಾ ಅಂತಲೂ ಕೇಳಿದ್ದೀರಿ.

ನಿಮ್ಮ ಕೆಲಸಕ್ಕೆ ಡಿ3 ಬೇಡ, ಪೈ ಚಾರ್ಟ್ ಅಂತೂ ಬೇಡವೇ ಬೇಡ. ಚಾರ್ಟ್ ಜೆಎಸ್ ಎಂಬ ಲೈಬ್ರರಿ ತೆಗೆದುಕೊಳ್ಳಿ. ಆದರೆ ಲೈಬ್ರರಿ ಆರಿಸುವ ಮೊದಲು ಇನ್ನೊಂದು ವಿಷಯ ತೀರ್ಮಾನ ಆಗಬೇಕು. ನನ್ನ ಪ್ರಕಾರ ಅದೇ ಮುಖ್ಯ.

ಪುಟ ತೆರೆದವರಲ್ಲಿ ತುಂಬ ಜನ ಚಾರ್ಟನ್ನು ಮುಟ್ಟುವುದೇ ಇಲ್ಲ. ನೋಡುತ್ತಾರೆ, ಮುಂದೆ ಹೋಗುತ್ತಾರೆ. ಹಾಗಾಗಿ ಯಾರೂ ಏನೂ ಮುಟ್ಟದೆ ಇದ್ದರೂ ಚಾರ್ಟ್ ತನ್ನ ಮಾತು ಹೇಳಿ ಮುಗಿಸಿರಬೇಕು. 'ಈ ವರ್ಷ ಮಳೆ ಹೇಗಿದೆ, ವಾಡಿಕೆಗಿಂತ ಜಾಸ್ತಿಯೋ ಕಡಿಮೆಯೋ' ಅನ್ನುವುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಮೊದಲ ನೋಟದಲ್ಲೇ ಸಿಗಬೇಕು. 'ಸರಿ, ನಾಲ್ಕು ವರ್ಷದ ಹಿಂದೆ ಹೇಗಿತ್ತು, ಜುಲೈನಲ್ಲಿ ಸರಿಯಾಗಿ ಎಷ್ಟು' ಅನ್ನುವುದು ಎರಡನೇ ಪ್ರಶ್ನೆ. ಮುಟ್ಟುವುದು, ವರ್ಷ ಬದಲಾಯಿಸುವುದು ಎಲ್ಲ ಇರುವುದು ಈ ಎರಡನೇ ಪ್ರಶ್ನೆಗೆ. ಈ ಎರಡನ್ನು ಬೇರೆ ಮಾಡಿಕೊಂಡರೆ ಉಳಿದ ತೀರ್ಮಾನಗಳು ಸಲೀಸಾಗಿ ಬರುತ್ತವೆ.

ಹತ್ತು ವರ್ಷಕ್ಕೆ ಹತ್ತು ಬಣ್ಣದ ಗೆರೆ ಹಾಕಿದರೆ ಏನಾಗುತ್ತದೆ ನೋಡಿ. ಎಲ್ಲ ಗೆರೆಗಳೂ ಮಳೆಗಾಲದಲ್ಲಿ ಮೇಲೆದ್ದು ಒಂದರ ಮೇಲೊಂದು ಬೀಳುತ್ತವೆ. ಯಾವುದು ಯಾವ ವರ್ಷ ಅಂತ ಗೊತ್ತಾಗಲು ಬಣ್ಣಗಳ ಪಟ್ಟಿಯನ್ನೂ ಗೆರೆಯನ್ನೂ ಸರದಿಯಲ್ಲಿ ನೋಡುತ್ತಲೇ ಇರಬೇಕು. ಅದರ ಬದಲು ಒಂದು ವರ್ಷವನ್ನು ಮಾತ್ರ ಹನ್ನೆರಡು ಕಂಬಗಳಾಗಿ ತೋರಿಸಿ. ಅದರ ಮೇಲೆ ಹತ್ತು ವರ್ಷದ ಸರಾಸರಿಯನ್ನು ಒಂದು ಗೆರೆಯಾಗಿ ಎಳೆಯಿರಿ. ಕಂಬ ಗೆರೆ ದಾಟಿದ್ದರೆ ಆ ತಿಂಗಳು ಸರಾಸರಿಗಿಂತ ಹೆಚ್ಚು, ದಾಟದಿದ್ದರೆ ಕಡಿಮೆ. ಯಾರಿಗೂ ವಿವರಿಸಬೇಕಾಗಿಲ್ಲ. ಮೇಲೆ ವರ್ಷ ಆರಿಸುವ ಒಂದು ಡ್ರಾಪ್‌ಡೌನ್ ಇಟ್ಟರೆ ಸಾಕು. ಚಾರ್ಟ್ ಜೆಎಸ್‌ನಲ್ಲಿ ಒಂದೇ ಚಾರ್ಟಿನೊಳಗೆ ಕಂಬ, ಗೆರೆ ಎರಡನ್ನೂ ಸೇರಿಸಬಹುದು. ಅದರಲ್ಲಿ ಪಟ್ಟಿಯ ಮೊದಲ ಡೇಟಾಸೆಟ್ (ಒಂದು ಗೆರೆಗೋ ಕಂಬಗಳಿಗೋ ಕೊಡುವ ಅಂಕಿಗಳ ಗುಂಪು) ಎಲ್ಲಕ್ಕಿಂತ ಮೇಲೆ ಬರುತ್ತದೆ. ಆದ್ದರಿಂದ ಗೆರೆಯನ್ನು ಮೊದಲು ಬರೆಯಿರಿ, ಕಂಬವನ್ನು ಆಮೇಲೆ. ಇಲ್ಲದಿದ್ದರೆ ಸರಾಸರಿ ಗೆರೆ ಕಂಬಗಳ ಹಿಂದೆ ಅಡಗಿಬಿಡುತ್ತದೆ.

ಪೈ ಯಾಕೆ ಬೇಡ? 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಜನ ಚಾರ್ಟನ್ನು ಹೇಗೆ ಓದುತ್ತಾರೆ ಅಂತ ಪರೀಕ್ಷೆ ಮಾಡಿ ಒಂದು ಲೇಖನ ಪ್ರಕಟಿಸಿದರು. ಒಂದೇ ಅಳತೆಪಟ್ಟಿಯ ಮೇಲೆ ನಿಂತ ಕಂಬಗಳನ್ನು ಹೋಲಿಸುವಷ್ಟು ಸರಿಯಾಗಿ ನಮ್ಮ ಕಣ್ಣು ಕೋನಗಳನ್ನು ಹೋಲಿಸಲಾರದು ಅನ್ನುವುದು ಅದರಲ್ಲಿ ಕಂಡದ್ದು. ಹನ್ನೆರಡು ತಿಂಗಳನ್ನು ಹನ್ನೆರಡು ತುಂಡು ಮಾಡಿದರೆ ಯಾವ ತುಂಡು ದೊಡ್ಡದು ಅಂತ ಊಹಿಸುವುದೇ ಕೆಲಸ ಆಗುತ್ತದೆ. ಜತೆಗೆ ತಿಂಗಳುಗಳಿಗೆ ಒಂದು ಕ್ರಮ ಇದೆ ಅಲ್ವಾ, ಅದೂ ಹಾಳಾಗುತ್ತದೆ. 3ಡಿ ಕಂಬಗಳ ವಿಷಯವೂ ಅಷ್ಟೇ, ಕಂಬದ ತುದಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಈಗ ವರ್ಷ ಬದಲಾಯಿಸುವ ಜಾಗಕ್ಕೆ ಬರೋಣ. ತುಂಬ ಚಾರ್ಟುಗಳು ನೋಡುಗರನ್ನು ದಾರಿ ತಪ್ಪಿಸುವುದು ಇಲ್ಲಿಯೇ. ನೀವು ಏನೂ ಹೇಳದಿದ್ದರೆ ಲೈಬ್ರರಿ ಪ್ರತಿ ವರ್ಷದ ಡೇಟಾ ನೋಡಿ ಎಡಗಡೆಯ ಅಳತೆಯನ್ನು ತಾನೇ ಬದಲಾಯಿಸುತ್ತದೆ. ಬರಗಾಲದ ವರ್ಷ ಆರಿಸಿದಾಗ ಮೇಲಿನ ಅಂಕಿ 200 ಆಗಬಹುದು, ಒಳ್ಳೆ ಮಳೆಯ ವರ್ಷ ಆರಿಸಿದಾಗ 600. ಎರಡರಲ್ಲೂ ಕಂಬಗಳು ಚಾರ್ಟಿನ ತುದಿ ಮುಟ್ಟುತ್ತವೆ. ನೋಡಿದವರಿಗೆ ಎರಡೂ ವರ್ಷ ಒಂದೇ ಥರ ಮಳೆ ಬಂದಂತೆ ಕಾಣುತ್ತದೆ. ಹಾಗಾಗಿ ಹತ್ತು ವರ್ಷದಲ್ಲಿ ಯಾವ ತಿಂಗಳ ಮಳೆ ಅತಿ ಹೆಚ್ಚೋ ಅದನ್ನು ನೋಡಿ, ಅದಕ್ಕಿಂತ ಸ್ವಲ್ಪ ಮೇಲಿನ ದುಂಡು ಸಂಖ್ಯೆಯನ್ನು ವೈ ಅಕ್ಷದ, ಅಂದರೆ ಎಡಗಡೆಯ ಅಳತೆಯ, ಮ್ಯಾಕ್ಸ್ ಆಗಿ ಗಟ್ಟಿ ಮಾಡಿಬಿಡಿ. ಆಗ ವರ್ಷ ಬದಲಾಯಿಸಿದಾಗ ಕಂಬಗಳು ಕುಗ್ಗುವುದೂ ಹಿಗ್ಗುವುದೂ ಕಣ್ಣಿಗೇ ಕಾಣುತ್ತದೆ. ಡ್ರಾಪ್‌ಡೌನ್ ಇಟ್ಟಿದ್ದು ಸಾರ್ಥಕ ಆಗುವುದು ಆಗಲೇ.

ಇನ್ನೊಂದು ಸೂಕ್ಷ್ಮ: ಮಳೆ ಬರಲಿಲ್ಲ ಅನ್ನುವುದು ಬೇರೆ, ಅಳೆಯಲಿಲ್ಲ ಅನ್ನುವುದು ಬೇರೆ. ನಿಮ್ಮ ಶೀಟಿನಲ್ಲಿ ಕೆಲವು ಖಾನೆ ಖಾಲಿ ಇರಬಹುದು. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ಖಾಲಿ ಅಕ್ಷರಸಾಲು ಕೊಟ್ಟರೆ ಅದು ಸೊನ್ನೆ ಅಂತ ಹೇಳುತ್ತದೆ! ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಅಳತೆ ತಪ್ಪಿಹೋದ ತಿಂಗಳು ಸದ್ದಿಲ್ಲದೆ ಒಣ ತಿಂಗಳಾಗಿಬಿಡುತ್ತದೆ, ಸರಾಸರಿಯೂ ಕೆಳಗಿಳಿಯುತ್ತದೆ. ಅದಕ್ಕೇ ಖಾಲಿ ಖಾನೆಯನ್ನು ಮೊದಲು ಗುರುತಿಸಿ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು) ಮಾಡಿ, ಆಮೇಲೆ ಉಳಿದದ್ದನ್ನು ಸಂಖ್ಯೆ ಮಾಡಿ. ಸಿಎಸ್‌ವಿ (ಖಾನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಫೈಲ್) ಓದಲು ಪಾಪಾ ಪಾರ್ಸ್ ಎಂಬ ಸಣ್ಣ ಲೈಬ್ರರಿ ಇದೆ. ಅದರಲ್ಲಿ ಡೈನಾಮಿಕ್ ಟೈಪಿಂಗ್ ಆನ್ ಮಾಡಿದರೆ ಈ ಕೆಲಸ ಅದೇ ಮಾಡುತ್ತದೆ. ಸರಾಸರಿ ತೆಗೆಯುವಾಗ ಹತ್ತರಿಂದ ಭಾಗಿಸಬೇಡಿ. ಆ ತಿಂಗಳಿಗೆ ಎಷ್ಟು ವರ್ಷದ ಅಳತೆ ಇದೆಯೋ ಅಷ್ಟರಿಂದ ಭಾಗಿಸಿ.

ಇಷ್ಟಾದರೂ ಒಂದು ತೊಂದರೆ ಉಳಿಯುತ್ತದೆ. ಕಂಬದ ಚಾರ್ಟಿನಲ್ಲಿ ಸೊನ್ನೆಗೂ ಕಂಬ ಇಲ್ಲ, ನಲ್‌ಗೂ ಕಂಬ ಇಲ್ಲ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ನಾನು ಅಂಥ ತಿಂಗಳ ಹೆಸರಿನ ಪಕ್ಕ ಒಂದು ನಕ್ಷತ್ರ ಹಾಕಿ, ಚಾರ್ಟಿನ ಕೆಳಗೆ 'ಅಳತೆ ಲಭ್ಯವಿಲ್ಲ' ಅಂತ ಬರೆಯುತ್ತೇನೆ. ಅಂದವಾಗಿ ಕಾಣದಿದ್ದರೂ ಪರವಾಗಿಲ್ಲ, ಡೇಟಾದ ಮೇಲೆ ನಂಬಿಕೆ ಉಳಿಯುವುದು ಇಂಥದ್ದರಿಂದಲೇ.

ಇನ್ನು ಕೋಡ್. ಎಕ್ಸೆಲ್‌ನಿಂದ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನುವ ಆಯ್ಕೆಯನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು. ಡೇಟಾವನ್ನು ಕೋಡಿನೊಳಗೆ ಬರೆಯಬೇಡಿ, ಬೇರೆ ಫೈಲಿನಲ್ಲಿಟ್ಟು ಫೆಚ್ (ಫೈಲ್ ತರಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಮೂಲಕ ತರಿಸಿ. ಆದರೆ ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಫೆಚ್ ಓಡುವುದಿಲ್ಲ, ಬ್ರೌಸರ್ ತಡೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಯಾವುದಾದರೂ ಲೋಕಲ್ ಸರ್ವರ್ ಬೇಕು. ವಿಎಸ್ ಕೋಡ್ ಎಂಬ ಎಡಿಟರಿನ ಲೈವ್ ಸರ್ವರ್ ಎಕ್ಸ್‌ಟೆನ್ಷನ್ ಸಾಕಾಗುತ್ತದೆ.

ಚಾರ್ಟ್ ಬರುವುದು ಒಂದು ಕ್ಯಾನ್ವಾಸ್ ಟ್ಯಾಗಿನೊಳಗೆ. ಆ ಕ್ಯಾನ್ವಾಸನ್ನು ಅದಕ್ಕೆಂದೇ ಮೀಸಲಾದ ಒಂದು ಡಿವ್ ಒಳಗಿಡಿ. ಆ ಡಿವ್‌ಗೆ ಪೊಸಿಷನ್ ರಿಲೇಟಿವ್ ಕೊಡಿ, ಎತ್ತರವನ್ನೂ ಕೊಡಿ. ಆಮೇಲೆ ಚಾರ್ಟಿನ ಆಪ್ಷನ್ಸ್‌ನಲ್ಲಿ ಮೇಂಟೇನ್ ಆಸ್ಪೆಕ್ಟ್ ರೇಷಿಯೋ ಅನ್ನು ಫಾಲ್ಸ್ ಮಾಡಿ. 'ಮೊಬೈಲಿನಲ್ಲಿ ನನ್ನ ಚಾರ್ಟ್ ಬೆರಳಗಲ ಆಗಿದೆ', 'ಪರದೆ ಚಿಕ್ಕದು ಮಾಡಿದರೆ ಚಾರ್ಟ್ ಕುಗ್ಗುತ್ತಿಲ್ಲ' ಅನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮದ್ದು ಇದೇ.

ವರ್ಷ ಬದಲಾದಾಗ ಹೊಸ ಚಾರ್ಟ್ ಸೃಷ್ಟಿಸಬೇಡಿ. ಇರುವ ಚಾರ್ಟಿನ ಡೇಟಾ ಬದಲಿಸಿ ಅಪ್‌ಡೇಟ್ ಅಂತ ಕರೆಯಿರಿ, ಅಷ್ಟೇ. ಅದೇ ಕ್ಯಾನ್ವಾಸಿನ ಮೇಲೆ ಇನ್ನೊಂದು ಚಾರ್ಟ್ ಮಾಡಲು ಹೋದರೆ ಈಗಿನ ಆವೃತ್ತಿಗಳು 'ಕ್ಯಾನ್ವಾಸ್ ಆಗಲೇ ಬಳಕೆಯಲ್ಲಿದೆ' ಅಂತ ಎರರ್ ಕೊಡುತ್ತವೆ. ಅಪ್‌ಡೇಟ್ ಮಾಡಿದರೆ ಇನ್ನೊಂದು ಲಾಭ ಇದೆ. ಕಂಬಗಳು ಹಳೆಯ ಎತ್ತರದಿಂದ ಹೊಸ ಎತ್ತರಕ್ಕೆ ಸರಿಯುತ್ತವೆ, ಎಲ್ಲಿ ಏರಿತು ಎಲ್ಲಿ ಇಳಿಯಿತು ಅಂತ ಕಣ್ಣು ಹಿಡಿಯುತ್ತದೆ. ಅನಿಮೇಷನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಪುಟ ತೆರೆದಾಗ ಕಂಬಗಳು ಕುಣಿದುಕೊಂಡು ಬರುವುದರಿಂದ ಏನೂ ಸಿಗುವುದಿಲ್ಲ. ಕೆಲವರು ತಮ್ಮ ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿಕೊಂಡಿರುತ್ತಾರೆ. ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್ ಎಂಬ ಮೀಡಿಯಾ ಕ್ವೆರಿಯಿಂದ ಅದು ಗೊತ್ತಾಗುತ್ತದೆ. ಅವರಿಗೆ ಅನಿಮೇಷನ್ ಪೂರ್ತಿ ಆಫ್ ಮಾಡಿ.

ಮುಟ್ಟುವ ವಿಷಯದಲ್ಲಿ ಒಂದೇ ಒಂದು ಸೆಟ್ಟಿಂಗ್ ದೊಡ್ಡ ವ್ಯತ್ಯಾಸ ಮಾಡುತ್ತದೆ. ಸಾಮಾನ್ಯವಾಗಿ ಕರ್ಸರ್ ಸರಿಯಾಗಿ ಕಂಬದ ಮೇಲೇ ಬಂದರೆ ಮಾತ್ರ ಟೂಲ್‌ಟಿಪ್ (ಅಂಕಿ ತೋರಿಸುವ ಪುಟ್ಟ ಪೆಟ್ಟಿಗೆ) ಕಾಣುತ್ತದೆ. ಮೌಸ್ ಹಿಡಿದವರಿಗೆ ಅದು ಸರಿ, ಬೆರಳಿಗೆ ಕಷ್ಟ. ಎಂಟು ಮಿ.ಮೀ. ಮಳೆಯಾದ ಫೆಬ್ರವರಿಯ ಕಂಬ ಫೋನಿನಲ್ಲಿ ಒಂದು ಗೀಟಿನಷ್ಟಿರುತ್ತದೆ, ಅದನ್ನು ಬೆರಳಲ್ಲಿ ಹಿಡಿಯುವುದು ಹೇಗೆ? ಇಂಟರಾಕ್ಷನ್ ಅನ್ನುವ ಭಾಗದಲ್ಲಿ ಮೋಡ್ ಅನ್ನು ಇಂಡೆಕ್ಸ್ ಅಂತ, ಇಂಟರ್‌ಸೆಕ್ಟ್ ಅನ್ನು ಫಾಲ್ಸ್ ಅಂತ ಕೊಡಿ. ಆಗ ಆ ತಿಂಗಳ ನೇರದಲ್ಲಿ ಎಲ್ಲಿ ಮುಟ್ಟಿದರೂ ಸಾಕು. ಆ ವರ್ಷದ ಮಳೆ, ಸರಾಸರಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಟೂಲ್‌ಟಿಪ್‌ನ ಲೇಬಲ್ ಕಾಲ್‌ಬ್ಯಾಕ್‌ನಲ್ಲಿ (ಆ ಪೆಟ್ಟಿಗೆಯ ಬರಹ ರೂಪಿಸುವ ಫಂಕ್ಷನ್) ಅಂಕಿಯ ನಂತರ 'ಮಿ.ಮೀ.' ಸೇರಿಸುವುದನ್ನು ಮರೆಯಬೇಡಿ.

ಕನ್ನಡದಲ್ಲಿ ಹೆಸರು ಹಾಕುತ್ತೀರಾದರೆ ಇದನ್ನೂ ಓದಿ. ಕ್ಯಾನ್ವಾಸ್ ಮೇಲಿನ ಬರಹ ಚಿತ್ರವಾಗಿ ಮೂಡುತ್ತದೆ. ಚಾರ್ಟ್ ಬರೆಯುವ ಹೊತ್ತಿಗೆ ನಿಮ್ಮ ವೆಬ್ ಫಾಂಟ್ ಇಳಿದಿರದಿದ್ದರೆ ಬೇರಾವುದೋ ಫಾಂಟಿನಲ್ಲಿ ಅಕ್ಷರ ಬೀಳುತ್ತದೆ, ಫಾಂಟ್ ಬಂದ ಮೇಲೂ ತಾನಾಗಿ ಸರಿಹೋಗುವುದಿಲ್ಲ. ಡಾಕ್ಯುಮೆಂಟ್ ಫಾಂಟ್ಸ್ ರೆಡಿ ಎಂಬ ಪ್ರಾಮಿಸ್ (ಕೆಲಸ ಮುಗಿದಾಗ ತಿಳಿಸುವ ವ್ಯವಸ್ಥೆ) ಇದೆ, ಅದು ಮುಗಿದ ಮೇಲೆ ಚಾರ್ಟ್ ಶುರು ಮಾಡಿ. ಚಾರ್ಟ್ ಜೆಎಸ್‌ನ ಡೀಫಾಲ್ಟ್ಸ್‌ನಲ್ಲಿ ಫಾಂಟ್ ಹೆಸರನ್ನೂ ಒಮ್ಮೆ ಕೊಟ್ಟುಬಿಡಿ. ಅಕ್ಷರದ ಗಾತ್ರ ತೀರಾ ಇಳಿಸಬೇಡಿ. ಇಂಗ್ಲಿಷಿಗೆ 10 ಪಿಕ್ಸೆಲ್ ಹೇಗೋ ನಡೆಯುತ್ತದೆ, 'ಅಕ್ಟೋಬರ್' ಅಂತ ಬರೆದಾಗ ಒತ್ತಕ್ಷರ ಮಸಿಯ ಚುಕ್ಕೆಯಾಗುತ್ತದೆ. ಜಾಗ ಸಾಲದಿದ್ದರೆ ಹೆಸರು ಮೊಟಕು ಮಾಡಿ, ಇಲ್ಲವೇ ಅಡ್ಡ ಕಂಬದ ಚಾರ್ಟ್ ಮಾಡಿ. ಇಂಡೆಕ್ಸ್ ಆಕ್ಸಿಸ್ ಅನ್ನು ವೈ ಅಂತ ಬದಲಿಸಿದರೆ ಆಯಿತು, ತಿಂಗಳ ಹೆಸರಿಗೆ ಎಡಗಡೆ ಪೂರ್ತಿ ಸಾಲು ಸಿಗುತ್ತದೆ.

ಚಿತ್ರವಾಗಿ ಮೂಡುವುದರಿಂದ ಇನ್ನೊಂದು ತೊಂದರೆಯಿದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಕ್ಯಾನ್ವಾಸ್ ಒಳಗೆ ಏನಿದೆ ಅಂತ ತಿಳಿಯುವುದಿಲ್ಲ. ದಯವಿಟ್ಟು ಚಾರ್ಟಿನ ಕೆಳಗೆ ಅದೇ ಡೇಟಾವನ್ನು ಸಾಮಾನ್ಯ ಎಚ್‌ಟಿಎಂಎಲ್ ಟೇಬಲ್ ಆಗಿ ಇಡಿ. ಬೇಕಿದ್ದರೆ ಡೀಟೇಲ್ಸ್ ಟ್ಯಾಗಿನೊಳಗೆ ಮಡಚಿಡಿ. ಅಂಕಿಗಳನ್ನು ಕಾಪಿ ಮಾಡಿಕೊಳ್ಳುವವರಿಗೂ ಅದರಿಂದ ಅನುಕೂಲ. ಬಣ್ಣದಲ್ಲೂ ಜೋಪಾನ. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರು ಇದ್ದಾರೆ, ಗಂಡಸರಲ್ಲಿ ಜಾಸ್ತಿ. ನೀಲಿ ಕಂಬ, ಕಡುಗಪ್ಪು ಗೆರೆ ಇಟ್ಟರೆ ಯಾರಿಗೂ ತೊಂದರೆ ಇಲ್ಲ.

ಬೇರೆ ಲೈಬ್ರರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಡಿ3 ಬಂದದ್ದು 2011ರಲ್ಲಿ, ಮೈಕ್ ಬೋಸ್ಟಾಕ್ ಮತ್ತು ಸಂಗಡಿಗರಿಂದ. ಅದ್ಭುತ ಕೆಲಸ, ನಾನು ಅದನ್ನು ತುಂಬ ಮೆಚ್ಚುತ್ತೇನೆ. ಆದರೆ ಅದರಲ್ಲಿ ಸಿದ್ಧ ಚಾರ್ಟ್ ಇಲ್ಲ. ಅಕ್ಷ, ಅಳತೆ, ಕಂಬ ಎಲ್ಲವನ್ನೂ ನೀವೇ ಕಟ್ಟಬೇಕು. ಯಾರೂ ಮಾಡಿರದ ರೂಪದ ಚಿತ್ರ ಬೇಕಾದಾಗ ಅದಕ್ಕೆ ಸಾಟಿ ಇಲ್ಲ, ಹನ್ನೆರಡು ಕಂಬಕ್ಕೆ ಅಷ್ಟು ಕಷ್ಟ ಬೇಡ. ಹೈಚಾರ್ಟ್ಸ್ ಚೆನ್ನಾಗಿದೆ, ಸ್ಕ್ರೀನ್ ರೀಡರ್‌ಗೆಂದೇ ಅದರಲ್ಲಿ ಒಂದು ಮಾಡ್ಯೂಲ್ ಇದೆ, ಆದರೆ ವ್ಯಾಪಾರದ ಬಳಕೆಗೆ ಲೈಸೆನ್ಸ್ ಕೊಳ್ಳಬೇಕು. ಪ್ಲಾಟ್ಲಿಯಲ್ಲಿ ಜೂಮ್, ಆಯ್ಕೆ ಎಲ್ಲ ಸಿದ್ಧವಾಗಿ ಬರುತ್ತದೆ, ಆದರೆ ಅದರ ಪೂರ್ತಿ ಫೈಲ್ ಮೂರು ಎಂಬಿಗಿಂತ ದೊಡ್ಡದು. ನಿಧಾನ ನೆಟ್‌ವರ್ಕ್ ಇರುವವರ ಬಗ್ಗೆ ಯೋಚಿಸಿ. ಸಾವಿರಾರು ಬಿಂದು ಇರುವ ದೊಡ್ಡ ಡೇಟಾ ಆದರೆ ಅಪಾಚೆ ಇಚಾರ್ಟ್ಸ್ ನೋಡಬಹುದು. ಗೂಗಲ್ ಚಾರ್ಟ್ಸ್ ಸುಲಭ, ಆದರೆ ಅದರ ಕೋಡನ್ನು ನಿಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಪ್ರತಿ ಸಲ ಗೂಗಲ್‌ನಿಂದಲೇ ಬರಬೇಕು. ಕೋಡೇ ಬೇಡ ಅನ್ನುವವರಿಗೆ ಡೇಟಾರ‍್ಯಾಪರ್, ಫ್ಲರಿಶ್ ಇವೆ. ಶೀಟ್ ಅಂಟಿಸಿ, ಚಾರ್ಟ್ ಆರಿಸಿ, ಕೊಟ್ಟ ಎಂಬೆಡ್ ಕೋಡನ್ನು ಪುಟಕ್ಕೆ ಹಾಕಿದರೆ ಮುಗಿಯಿತು.

ಚಾರ್ಟ್ ಜೆಎಸ್ ಅನ್ನು ಸಿಡಿಎನ್‌ನಿಂದ (ಲೈಬ್ರರಿ ಫೈಲುಗಳನ್ನು ಹಂಚುವ ಸರ್ವರ್ ಜಾಲ) ತರುವುದಾದರೆ ಕೊಂಡಿಯಲ್ಲಿ ಆವೃತ್ತಿ ಸಂಖ್ಯೆ ಇರಲಿ. 2ರಿಂದ 3ಕ್ಕೆ ಹೋದಾಗ ಅದರ ಆಪ್ಷನ್‌ಗಳ ಹೆಸರುಗಳೇ ಬದಲಾದವು. ಸಂಖ್ಯೆ ಹಾಕದವರಿಗೆ ಮುಂದೊಂದು ದಿನ ಏನೂ ಮಾಡದೆಯೂ ಚಾರ್ಟ್ ಕೆಡಬಹುದು. ನೀವು ಹುಡುಕಿ ತರುವ ಹಳೆಯ ಉದಾಹರಣೆಗಳು ಓಡದಿದ್ದರೆ ಕಾರಣ ಬಹುಪಾಲು ಅದೇ. ವೈ ಆಕ್ಸಿಸ್ ಹೆಸರಿನ ಕೊನೆಗೆ ಎಸ್ ಸೇರಿಸಿ, ಚೌಕ ಆವರಣದೊಳಗೆ ಬರೆದಿದ್ದರೆ ಅದು ಆವೃತ್ತಿ 2ರ ಕೋಡ್, ಬಿಟ್ಟುಬಿಡಿ.

ಪ್ರತಿ ತಿಂಗಳು ಹೊಸ ಅಳತೆ ಸೇರಿಸಬೇಕು ಅಂತಲೂ ಹೇಳಿದ್ದೀರಲ್ಲ, ಅದಕ್ಕೆ ಡೇಟಾವನ್ನು ಗೂಗಲ್ ಶೀಟ್ಸ್‌ಗೆ ಹಾಕಿ, 'ಪಬ್ಲಿಷ್ ಟು ವೆಬ್' ಮೂಲಕ ಸಿಎಸ್‌ವಿ ಕೊಂಡಿ ಪಡೆದು ಫೆಚ್‌ನಲ್ಲಿ ಅದನ್ನೇ ಕೊಡಿ. ಕೊಂಡಿ ಗೊತ್ತಿರುವ ಯಾರಾದರೂ ಆ ಶೀಟನ್ನು ಓದಬಹುದು, ಆದ್ದರಿಂದ ಅದರಲ್ಲಿ ಬೇರೇನೂ ಇಡಬೇಡಿ. ಶೀಟಿನಲ್ಲಿ ಬದಲಾಯಿಸಿದ್ದು ಪುಟದಲ್ಲಿ ಕಾಣಲು ಕೆಲವು ನಿಮಿಷ ಹಿಡಿಯುತ್ತದೆ, ಗಾಬರಿ ಬೇಡ. ವರ್ಷಕ್ಕೆ ಒಂದು ಸಾಲು, ತಿಂಗಳಿಗೆ ಒಂದು ಕಾಲಮ್ ಇದ್ದರೆ ಡ್ರಾಪ್‌ಡೌನ್‌ನ ಪಟ್ಟಿಯನ್ನೂ ಮೊದಲ ಕಾಲಮಿನಿಂದಲೇ ತುಂಬಿಸಬಹುದು. ಹೊಸ ವರ್ಷದ ಸಾಲು ಬಂದಾಗ ಅದು ತಾನಾಗಿ ಪಟ್ಟಿಗೆ ಸೇರುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬ್ರೌಸರಿನ ಕನ್ಸೋಲ್‌ನಲ್ಲಿ ಬಂದ ಎರರ್ ಜತೆ ಇಲ್ಲೇ ಕೇಳಿ, ನೋಡುತ್ತೇನೆ.