ಸಂಪಾದಕರ ಉತ್ತರ: ಒಂದು ಲೋಟ ಬಿಯರಿನ ಪರವಾಗಿ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ದಿನದ ಸಣ್ಣ ಸುಖಗಳ ಬಗ್ಗೆ ಬರೆಯುತ್ತಾ ಸಂಜೆಯ ಒಂದು ಲೋಟ ಬಿಯರನ್ನೂ ಆ ಸಾಲಿನಲ್ಲಿ ಇಟ್ಟಿದ್ದೆ. ನಿಮಗೆ ಅದು ಹಿಡಿಸಲಿಲ್ಲ. ನೀವು ಕುಡಿದದ್ದು ಒಂದೇ ಒಂದು ಸಲ, ಮಧ್ಯಾಹ್ನವಿಡೀ ಕಿಟಕಿಯ ಬಿಸಿಲಿನಲ್ಲಿ ನಿಂತಿದ್ದ ಹಸಿರು ಬಾಟಲಿಯಿಂದ. ಮೂಗಿಗೆ ಕೆಟ್ಟ ವಾಸನೆ, ನಾಲಿಗೆಗೆ ಬರೀ ಕಹಿ. ಅರ್ಧ ಲೋಟ ನೊರೆ ಎಂದರೆ ಕುಡಿಯುವವರಿಗೆ ಮೋಸವಲ್ಲವೇ, ಅಮಲಿನ ಆಸೆ ಬಿಟ್ಟರೆ ಇದರಲ್ಲಿ ಮತ್ತೇನು ಸುಖ ಎಂದು ಕೇಳಿದ್ದೀರಿ. ಪತ್ರವನ್ನು ಎರಡು ಸಲ ಓದಿದೆ. ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ.

ಮೊದಲು ಆ ಬಾಟಲಿಯ ವಿಷಯ. ನೀವು ಕುಡಿದದ್ದು ಕೆಟ್ಟುಹೋದ ಬಿಯರ್. ಬಿಯರಿಗೆ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಬೆಳಕು ತಾಗಿದರೆ ಆ ಕಹಿಯ ಅಂಶ ಒಡೆದು, ಗಂಧಕ ಸೇರಿದ ಹೊಸ ಪದಾರ್ಥವೊಂದು ಹುಟ್ಟುತ್ತದೆ. ಅದು ಎಷ್ಟು ಅಲ್ಪವಾಗಿದ್ದರೂ ಮೂಗಿಗೆ ತಿಳಿದುಬಿಡುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜಿಗೆ ಅಷ್ಟು ಶಕ್ತಿಯಿಲ್ಲ. ಒಡೆದ ಹಾಲು ಕುಡಿದು ಹಸುವನ್ನು ದೂರಬೇಡಿ.

ಇನ್ನು ನೊರೆ. ನನ್ನ ಅರ್ಧ ಸುಖ ಅಲ್ಲೇ ಇದೆ. ಸಂಚಿಕೆಯ ಕೊನೆಯ ಪುಟ ಮುದ್ರಣಕ್ಕೆ ಹೋದ ಸಂಜೆ ಮನೆಗೆ ಬಂದು ಮೊದಲು ಲೋಟ ತೊಳೆಯುತ್ತೇನೆ. ಜಿಡ್ಡಿನ ಪಸೆ ಉಳಿದರೆ ನೊರೆ ನಿಲ್ಲುವುದಿಲ್ಲ, ಹಾಗಾಗಿ ಎರಡು ಸಲ ತೊಳೆಯುತ್ತೇನೆ. ಲೋಟವನ್ನು ಓರೆಯಾಗಿ ಹಿಡಿದು ಸುರಿಯತೊಡಗಿ, ಅರ್ಧ ತುಂಬಿದ ಮೇಲೆ ನೆಟ್ಟಗೆ ಹಿಡಿಯುತ್ತೇನೆ. ತಳದಿಂದ ಗುಳ್ಳೆಗಳು ಸರ ಪೋಣಿಸಿದಂತೆ ಏಳುತ್ತವೆ. ಮೇಲೆ ಎರಡು ಬೆರಳಿನಷ್ಟು ನೊರೆ ಕಟ್ಟುತ್ತದೆ. ಸೋಡಾದ ನೊರೆ ಚೊಯ್ಯೆಂದು ಆರಿಹೋಗುತ್ತದೆ, ಇದು ಹಾಗಲ್ಲ. ಬಾರ್ಲಿಯ ಪ್ರೋಟೀನೂ ಹಾಪ್ಸಿನ ಕಹಿಯೂ ಸೇರಿ ಒಂದೊಂದು ಗುಳ್ಳೆಯ ಗೋಡೆಯನ್ನು ಗಟ್ಟಿ ಮಾಡುತ್ತವೆ. ನಿಮಗೆ ಬೇಡವಾದ ಕಹಿಯೇ ನಿಮಗೆ ಬೇಡವಾದ ನೊರೆಯನ್ನು ಎತ್ತಿ ಹಿಡಿದಿದೆ ನೋಡಿ! ಗುಳ್ಳೆ ಒಡೆದಾಗಲೆಲ್ಲ ಪರಿಮಳ ಮೂಗಿಗೆ ಬರುತ್ತದೆ. ಪ್ರತಿ ಗುಟುಕಿಗೂ ಲೋಟದ ಒಳಮೈಯಲ್ಲಿ ಬಿಳಿ ಬಳೆಯಂಥ ಗೆರೆಯೊಂದು ಉಳಿಯುತ್ತದೆ. ಲೋಟ ಬರಿದಾದ ಮೇಲೆ ಆ ಗೆರೆಗಳನ್ನು ಎಣಿಸಿದರೆ ಎಷ್ಟು ಗುಟುಕಿಗೆ ಮುಗಿಯಿತೆಂದು ತಿಳಿಯುತ್ತದೆ. ನಾನು ಎಣಿಸುತ್ತೇನೆ.

ಕಹಿ ಇಲ್ಲದಿದ್ದರೆ ಬಿಯರ್ ಒಂದು ಸಪ್ಪೆ ಸಿಹಿ ಪಾನೀಯವಾಗುತ್ತಿತ್ತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿಗೆ ಹಾಕಿದಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ತಿನ್ನುತ್ತದೆ. ಬಣ್ಣವೆಲ್ಲ ಬೆಂಕಿ ಕೊಟ್ಟದ್ದು. ಮಾಲ್ಟನ್ನು ಹದವಾಗಿ ಒಣಗಿಸಿದರೆ ಹೊಂಬಣ್ಣ. ಕಾಳನ್ನು ಕಪ್ಪಗೆ ಹುರಿದರೆ ಸ್ಟೌಟ್ ಎಂಬ ಕಪ್ಪು ಬಿಯರ್, ಅದರಲ್ಲಿ ಕಾಫಿಯ ಘಮ. ನೀರಿಗೂ ಪಾಲಿದೆ. 1842ರಲ್ಲಿ ಈಗಿನ ಚೆಕ್ ಗಣರಾಜ್ಯದ ಪಿಲ್ಸೆನ್ ಊರಿನಲ್ಲಿ ಜೋಸೆಫ್ ಗ್ರೋಲ್ ಎಂಬ ಬಿಯರ್ ತಯಾರಕ ಹೊನ್ನಿನಂಥ ತಿಳಿ ಬಿಯರ್ ತಯಾರಿಸಿದಾಗ ಅಲ್ಲಿನ ಮೃದು ನೀರು ಅವನಿಗೆ ಒದಗಿಬಂತು. ಇಂಗ್ಲೆಂಡಿನ ಬರ್ಟನ್ನಿನ ನೀರಿನಲ್ಲಿ ಜಿಪ್ಸಮ್ ಎಂಬ ಖನಿಜ ಹೇರಳವಾಗಿದ್ದು, ಅಲ್ಲಿನ ಏಲ್ ಎಂಬ ಬಗೆಯ ಬಿಯರಿನ ಕಹಿ ಚುರುಕಾಗಿರುತ್ತದೆ.

ನನಗೆ ತುಂಬಾ ಪ್ರಿಯವಾದ ಸಂಗತಿ ಯೀಸ್ಟಿನದು. 1516ರಲ್ಲಿ ಈಗಿನ ಜರ್ಮನಿಯ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಷ್ಟನ್ನೇ ಬಳಸಬೇಕೆಂದು ಕಾನೂನು ಮಾಡಿದರು. ಯೀಸ್ಟಿನ ಹೆಸರೇ ಅದರಲ್ಲಿ ಇಲ್ಲ! ಈ ಕಣ್ಣಿಗೆ ಕಾಣದ ಜೀವಿಯೇ ಹುದುಗು ಬರಿಸುತ್ತದೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಎಂಬ ವಿಜ್ಞಾನಿ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಆ ಸಂಸ್ಥೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಬೇರೆ ತಯಾರಕರಿಗೂ ಹಂಚಿತು. ಲೋಟ ಕೈಗೆತ್ತಿಕೊಂಡಾಗ ಆ ಉದಾರತನ ನನಗೆ ಎಷ್ಟೋ ಸಲ ನೆನಪಾಗಿದೆ.

ಅಮಲಿನ ಮಾತನ್ನು ತೇಲಿಸಿ ಬಿಡುವುದಿಲ್ಲ. ಸಾಮಾನ್ಯ ಬಿಯರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರವಿದೆ. ಲೋಟ ಮುಗಿಯುವ ಹೊತ್ತಿಗೆ ದಿನವಿಡೀ ಬಿಗಿದಿದ್ದ ಭುಜ ಸಡಿಲವಾಗುತ್ತದೆ, ಅದು ನನಗೆ ಬೇಕು. ಆದರೆ ಎರಡನೆಯ ಲೋಟಕ್ಕೆ ನಾಲಿಗೆಯ ಸೂಕ್ಷ್ಮ ಕಡಿಮೆಯಾಗುತ್ತದೆ, ಮೂರನೆಯದಕ್ಕೆ ಕುಡಿಯುತ್ತಿರುವುದು ಏನೆಂಬ ಪರಿವೆಯೇ ಇರುವುದಿಲ್ಲ. ನೊರೆಯ ಗೆರೆ ಎಣಿಸುವುದಂತೂ ದೂರವೇ ಉಳಿಯಿತು. ನಾನು ಒಂದಕ್ಕೇ ನಿಲ್ಲಿಸುವುದು ಆ ಸುಖ ಕೆಡದಿರಲಿ ಎಂದು.

ಕುಡಿಯಿರಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಬೇಡವೆನಿಸಿದರೆ ಬೇಡವೇ ಬೇಡ. ಎಂದಾದರೂ ಮನಸ್ಸಾದರೆ, ಕತ್ತಲಲ್ಲಿಟ್ಟ ಕಂದು ಬಾಟಲಿಯದನ್ನು ಆರಿಸಿಕೊಳ್ಳಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಡಿ, ಕೊರೆಯುವ ತಣ್ಣಗಿದ್ದರೆ ರುಚಿ ತಿಳಿಯುವುದಿಲ್ಲ. ಲೋಟಕ್ಕೆ ಸುರಿದು ನೊರೆ ಸ್ವಲ್ಪ ಇಳಿಯುವವರೆಗೆ ಕಾಯಿರಿ. ಬಾಯಿಗಿಂತ ಮೊದಲು ಮೂಗು ಒಡ್ಡಿ. ಏನು ಪರಿಮಳ ಬಂತೆಂದು ಬರೆಯಿರಿ. ಈ ಸಲವೂ ಹಿಡಿಸದಿದ್ದರೆ ಅದನ್ನೂ ಬರೆಯಿರಿ, ಪ್ರಕಟಿಸುತ್ತೇನೆ.

– ಸಂಪಾದಕ