ಗಿಡ ಒಣಗಿಸಬೇಡಿ

ಪ್ರಶ್ನೆ: ನಡೆದಷ್ಟೂ ತೋಟ ಬೆಳೆಯುವ ಆಂಡ್ರಾಯ್ಡ್ ಗೇಮ್ ಮಾಡಿದ್ದೇನೆ. ದಿನಕ್ಕೆ 10,000 ಹೆಜ್ಜೆ ಗುರಿ, ಒಂದು ದಿನ ತಪ್ಪಿದರೆ ಗಿಡ ಒಣಗುತ್ತದೆ. ಎರಡೇ ವಾರಕ್ಕೆ ಆಟಗಾರರು ಬಿಟ್ಟುಹೋಗುತ್ತಿದ್ದಾರೆ. ಕೆಲವರ ಹೆಜ್ಜೆ ಲೆಕ್ಕವೂ ಏರುಪೇರಾಗುತ್ತಿದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಮೊದಲು ಗಿಡ ಒಣಗಿಸುವುದನ್ನು ನಿಲ್ಲಿಸಿ. ಜ್ವರ ಬಂದು ಮಲಗಿದ್ದವರಿಗೆ ಎದ್ದ ಕೂಡಲೇ ಒಣಗಿದ ತೋಟ ಕಂಡರೆ ಮತ್ತೆ ಅತ್ತ ತಲೆ ಹಾಕುವುದಿಲ್ಲ. ನಡೆಯದ ದಿನ ಬೆಳವಣಿಗೆ ನಿಂತರೆ ಸಾಕು. ವಾರದಲ್ಲಿ 5 ದಿನ ಗುರಿ ಮುಟ್ಟಿದರೂ ಪೂರ್ತಿ ಫಲ ಕೊಡಿ.

10,000 ಎಂಬುದು 1960ರ ದಶಕದಲ್ಲಿ ಜಪಾನಿನಲ್ಲಿ ಪೆಡೋಮೀಟರ್ (ಹೆಜ್ಜೆ ಎಣಿಸುವ ಸಾಧನ) ಮಾರಲು ಬಳಸಿದ ಸಂಖ್ಯೆ. ಎಲ್ಲರಿಗೂ ಅದನ್ನೇ ಹೇರಬೇಕಿಲ್ಲ. ಮೊದಲ ವಾರ ಸುಮ್ಮನೆ ಅಳೆಯಿರಿ. ಸರಾಸರಿ 3,000 ಬಂದರೆ 3,500 ಗುರಿ ಕೊಡಿ.

ಇನ್ನು ಲೆಕ್ಕದ ವಿಷಯ. ಫೋನಿನಲ್ಲಿ ಹೆಜ್ಜೆ ಎಣಿಸುವ ಸ್ಟೆಪ್ ಕೌಂಟರ್ ಸೆನ್ಸರ್ ಕೊಡುವುದು ದಿನದ ಹೆಜ್ಜೆಯನ್ನಲ್ಲ, ಫೋನ್ ಕಡೆಯ ಬಾರಿ ಆನ್ ಆದಂದಿನಿಂದ ಆದ ಒಟ್ಟು ಹೆಜ್ಜೆಯನ್ನು. ರೀಸ್ಟಾರ್ಟ್ ಆದರೆ ಅದು ಮತ್ತೆ ಸೊನ್ನೆ. ಹಿಂದಿನ ಅಂಕಿ ಉಳಿಸಿಟ್ಟುಕೊಂಡು, ಹೊಸ ಅಂಕಿಯಿಂದ ಅದನ್ನು ಕಳೆದು ಉಳಿದದ್ದನ್ನು ದಿನದ ಲೆಕ್ಕಕ್ಕೆ ಕೂಡಿಸಿ. ಹೊಸದು ಅದಕ್ಕಿಂತ ಕಡಿಮೆ ಇದ್ದರೆ ಕಳೆಯಲು ಹೋಗದೆ ಹೊಸ ಅಂಕಿಯನ್ನೇ ಕೂಡಿಸಿ. ಆಂಡ್ರಾಯ್ಡ್ 10ರಿಂದ ಈಚೆಗೆ ದೈಹಿಕ ಚಟುವಟಿಕೆಯ ಅನುಮತಿಯನ್ನೂ ಕೇಳಬೇಕು.

ಮತ್ತೆ, ರಾತ್ರಿ 9ರ ನಂತರ ನೋಟಿಫಿಕೇಶನ್ ಖಂಡಿತ ಬೇಡ. ನಿದ್ದೆ ಕೆಡಿಸಿ ನಡೆಸುವುದು ಆರೋಗ್ಯವಲ್ಲ.